ಟಿಕೆಟ್ಟಿನ ಜೊತೆಗೊಂದು ಗುಳಿಗೆ

ನನ್ನ ಗಂಡ ದೌಲತರಾಯರು ಚಿಕ್ಕವರಿದ್ದಾಗ ತಮ್ಮ ತಾಯಿಗೆ ಒಂದು ಮಾತು ಕೊಟ್ಟಿದ್ದರು: ಮಂದಿ ಬಂದಾಗ ಅವರಿಗೆ ಕೊಡದೆ ಬಾಯಿಗೆ ಏನೂ ಹಾಕುವುದಿಲ್ಲ, ಬಾಗಿಲ ಹಿಂದೆ ನಿಂತು ಕದ್ದು ತಿನ್ನುವುದಂತೂ ಇಲ್ಲವೇ ಇಲ್ಲ.

ಇದು ಗೊಬ್ಬೂರಿನ ಮನೆಯಲ್ಲಿ ನಡೆದದ್ದು. ಪಕ್ಕದ ಮನೆಯಾಕೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮಜ್ಜಿಗೆ ಕೇಳಲು ಬಂದಿದ್ದಳಂತೆ. ಅವಳನ್ನು ಕಂಡದ್ದೇ ತಡ, ಇವರು ಕೈಯಲ್ಲಿದ್ದ ಶೇಂಗಾ ಹೋಳಿಗೆಯ ಸಮೇತ ಬಾಗಿಲ ಹಿಂದೆ ಸರಿದರು. ಅಲ್ಲಿಂದ ಅಗಿಯುವ ಸದ್ದು ಬಂತು. ಸೊಂಟದ ಮೇಲಿದ್ದ ಮಗು ಆ ಕಡೆ ಕೈ ಚಾಚಿ ಅಳತೊಡಗಿತು. ನನ್ನ ಅತ್ತೆ ಗುರುಬಾಯಿಗೆ ಅವತ್ತು ಆದ ಅವಮಾನ ಇವತ್ತಿಗೂ ಆರಿಲ್ಲ. ಮಗನ ಕಿವಿ ಹಿಡಿದು ಹೊರಗೆಳೆದು, ಕೊರಳ ಲಿಂಗದ ಮೇಲೆ ಕೈ ಇರಿಸಿ, ಆ ಮಾತು ಹೇಳಿಸಿದರು. ಉಳಿದ ಹೋಳಿಗೆ ಮಗುವಿನ ಪಾಲಾಯಿತು.

ಆ ಮಾತನ್ನು ಇವರು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ, ಅದರಿಂದಲೇ ದಪ್ಪಗಾದರು. ಇವರು ಅಫಜಲಪುರ–ಜೇವರ್ಗಿ ಬಸ್ಸಿನ ಕಂಡಕ್ಟರು. ಬುತ್ತಿ ಬಿಚ್ಚಿದರೆ ಅಕ್ಕಪಕ್ಕದ ಸೀಟಿನವರಿಗೆಲ್ಲ ಒಂದೊಂದು ತುಂಡು ರೊಟ್ಟಿ. ಕೊಟ್ಟವರನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಒಬ್ಬರು ಹುರಿದ ಶೇಂಗಾ ಸುರಿಯುತ್ತಾರೆ, ಇನ್ನೊಬ್ಬರು ಮದುವೆಯ ಮನೆಯಿಂದ ಕಟ್ಟಿಸಿಕೊಂಡು ಬಂದ ಬೂಂದಿ ಬಿಚ್ಚುತ್ತಾರೆ. ಬೇಡ ಎಂದರೆ ಅವರಿಗೆ ಬೇಸರ. ನಾನು ಕಟ್ಟಿಕೊಟ್ಟ ಎರಡು ರೊಟ್ಟಿಯನ್ನು ಹಂಚಿ, ಹತ್ತು ಮನೆಯ ಅಡುಗೆ ಉಂಡು ಬರುತ್ತಿದ್ದರು. ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾದ ಮೇಲೆ ಬಸ್ಸಿನಲ್ಲಿ ಮಂದಿಯೂ ಹೆಚ್ಚಾದರು, ಬುತ್ತಿಗಳೂ ಹೆಚ್ಚಾದವು. ಕೊನೆಗೆ ಇವರು ಸೀಟುಗಳ ನಡುವೆ ಹಾಯಲಾರದೆ ಬಾಗಿಲಲ್ಲೇ ನಿಂತು, ಟಿಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುವಂತಾಯಿತು.

“ದೌಲತರಾಯರ, ಹಿಂದಿನ ಬಾಗಲಾ ಬಿಟ್ಟು ಒಂದಷ್ಟ ಮುಂದ ಬರ್ರಿ. ನನ್ನ ಸ್ಟೇರಿಂಗ್ ಮ್ಯಾಲ ಏಳಾಕತ್ತದ” ಎನ್ನುತ್ತಿದ್ದರು ಡ್ರೈವರ್ ಅಬ್ದುಲ್ ಗನಿ.

ಸಕ್ಕರೆ ಕಾಯಿಲೆ ಏರಿತು, ಮೊಣಕಾಲು ಕೂತಿತು. ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಹೊಟ್ಟೆ ಸಣ್ಣದು ಮಾಡುವ ಆಪರೇಶನ್ ಆಯಿತು. ಊರಿಗೆ ಮಾತ್ರ ಹರ್ನಿಯಾ ಎಂದು ಹೇಳಿದೆವು. ಉಂಡು ಉಂಡು ಹೊಟ್ಟೆ ಕೊಯ್ಸಿಕೊಂಡ ಎಂದು ಮಂದಿ ಆಡಿಕೊಳ್ಳುತ್ತಾರೆಂದು ಇವರಿಗೆ ನಾಚಿಕೆ. ಮುಂದಿನ ಎಲ್ಲ ಪಜೀತಿಗೆ ಆ ಹರ್ನಿಯಾವೇ ಕಾರಣ.

ಮನೆಗೆ ಕಳಿಸುವಾಗ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು. “ಹೊಟ್ಟೆ ಸಣ್ಣದಾಗಿದೆ, ಊಟ ಹೋಗುವ ದಾರಿಯೂ ಗಿಡ್ಡಾಗಿದೆ. ಉಂಡದ್ದು ಇನ್ನು ಮೈಗೆ ಪೂರ್ತಿ ಹತ್ತುವುದಿಲ್ಲ. ವಿಟಮಿನ್ ಗುಳಿಗೆ ಜೀವ ಇರುವತನಕ. ರಕ್ತ ಪರೀಕ್ಷೆಯೂ ತಪ್ಪಿಸುವಂತಿಲ್ಲ.”

“ಜೀವ ಇರೂತನಕ ಗುಳಗಿ ತಿನ್ನಾಕ ಹೊಟ್ಟಿ ಕೊಯ್ಸಿದ್ರೇನ್ರಿ?” ಎಂದರು ಅತ್ತೆ.

ಗುಳಿಗೆ ಆರಿಸುವುದು ಒಂದು ಹೆಣ್ಣು ನೋಡುವ ಕೆಲಸದಷ್ಟೇ ದೊಡ್ಡದಾಯಿತು. ಅಫಜಲಪುರದ ಔಷಧಿ ಅಂಗಡಿಗೆ ನಾನು, ಇವರು, ಬಸ್ಸು ನಿಲ್ಲಿಸಿ ಬಂದ ಅಬ್ದುಲ್ ಗನಿ, ಮೂವರೂ ಹೋದೆವು. ಅಂಗಡಿಯ ಸಿದ್ದಲಿಂಗ ಮೊದಲು ಕೊಟ್ಟ ಕ್ಯಾಲ್ಸಿಯಂ ಬೇರೆಯೇ ಇತ್ತು. ಡಾಕ್ಟರು ಹೇಳಿದ್ದು ಸಿಟ್ರೇಟ್, ಇವನು ಕೊಟ್ಟದ್ದು ಕಾರ್ಬೊನೇಟ್.

“ಎಲ್ಲಾ ಕ್ಯಾಲ್ಸಿಯಮ್ಮ ಅಕ್ಕಾರ. ಹೆಸರಷ್ಟ ಬ್ಯಾರೆ.”

ನಾನು ಬಿಡಲಿಲ್ಲ. ಅಲ್ಲಿಂದಲೇ ದವಾಖಾನೆಗೆ ಫೋನು ಹಚ್ಚಿದೆ. ಈ ಹೊಟ್ಟೆಯಲ್ಲಿ ಆಮ್ಲ ಕಡಿಮೆ, ಕಾರ್ಬೊನೇಟ್ ಸರಿಯಾಗಿ ಕರಗುವುದಿಲ್ಲ, ಸಿಟ್ರೇಟೇ ಬೇಕು ಎಂದು ಅವರು ಹೇಳಿದ್ದನ್ನು ಸಿದ್ದಲಿಂಗನ ಕಿವಿಗೇ ಹಿಡಿದು ಕೇಳಿಸಿದೆ.

ಆಮೇಲೆ ಡಿ ವಿಟಮಿನ್. ಬಂಗಾರದ ಬಣ್ಣದ ಮೆತ್ತನೆಯ ಕ್ಯಾಪ್ಸೂಲು. ಇವರು ಬೆಳಕಿಗೆ ಹಿಡಿದು ನೋಡಿದರು. “ಇದರ ತೊಗಲು ಯಾತರದು?”

“ಜಿಲೆಟಿನ್ ಅಂತಾರ್ರಿ. ಎಲುಬು, ಚರ್ಮದಿಂದ ಮಾಡ್ತಾರ.”

ಇವರು ಬೆಂಕಿ ಮುಟ್ಟಿದವರಂತೆ ಡಬ್ಬಿ ಕೆಳಗಿಟ್ಟರು. ಅಬ್ದುಲ್ ಗನಿ ಮುಂದೆ ಬಾಗಿದರು. “ಯಾವ ಜಾನವಾರದ್ದು?”

“ಅದನ್ನ ಬರದಿಲ್ರಿ.”

“ಹಂಗಾರ ನಿಮಗೂ ಬ್ಯಾಡ, ನನಗೂ ಬ್ಯಾಡ” ಎಂದು ಅವರೇ ಡಬ್ಬಿಯನ್ನು ಹಿಂದಕ್ಕೆ ತಳ್ಳಿದರು. ಗುಳಿಗೆ ನುಂಗಬೇಕಾದವರು ಅವರಲ್ಲ ಎಂಬುದು ಮೂವರಿಗೂ ಮರೆತುಹೋಗಿತ್ತು.

ಹಸಿರು ಚುಕ್ಕಿ ಇದ್ದದ್ದೇ ಬೇಕು ಎಂದು ಹುಡುಕಿಸಿ ಕೊನೆಗೆ ಡಾಕ್ಟರಿಗೂ ಒಪ್ಪಿಗೆಯಾದವು ಸಿಕ್ಕವು. ಅಗಿದು ತಿನ್ನುವ ಮಲ್ಟಿವಿಟಮಿನ್, ಡಿ ಕೂಡಿಸಿದ ಕ್ಯಾಲ್ಸಿಯಂ, ಎರಡೂ ಕಿತ್ತಳೆ ರುಚಿಯವು. ಬಿ ಹನ್ನೆರಡು ನಾಲಿಗೆಯಡಿ ಇಟ್ಟುಕೊಳ್ಳುವ ಕೆಂಪು, ಸಿಹಿ ಗುಳಿಗೆ. ಕಬ್ಬಿಣದ್ದೊಂದು ಮಾತ್ರ ತುಕ್ಕಿನ ರುಚಿಯದು. ರುಚಿ ನೋಡಿ ಆರಿಸಿದ್ದೇ ತಪ್ಪಾಯಿತು ಎಂದು ಆಮೇಲೆ ಗೊತ್ತಾಯಿತು.

ಕ್ಯಾಲ್ಸಿಯಂ ಮತ್ತು ಕಬ್ಬಿಣ ಕೂಡಿ ತಿಂದರೆ ಒಂದಕ್ಕೊಂದು ಅಡ್ಡ ಬರುತ್ತವೆ, ಚಹಾ ಕುಡಿದರೆ ಕಬ್ಬಿಣ ಹತ್ತುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಇವರು ತಮ್ಮದೇ ರೀತಿಯಲ್ಲಿ ಬಾಯಿಪಾಠ ಮಾಡಿದರು. “ಕ್ಯಾಲ್ಸಿಯಂ ಇಳದು ಎರಡು ತಾಸು ಬಸ್ಸು ಖಾಲಿ ಇರಬೇಕು. ಆಮ್ಯಾಲ ಕಬ್ಬಿಣ ಹತ್ತಬೇಕು. ಚಹಾಕ್ಕ ಆ ಬಸ್ಸಿನಾಗ ಸೀಟಿಲ್ಲ.” ಹೀಗೆ ಮಲ್ಟಿವಿಟಮಿನ್ ಮತ್ತು ಬಿ ಹನ್ನೆರಡು ಬೆಳಿಗ್ಗೆ ಮನೆಯಲ್ಲಿ, ಕ್ಯಾಲ್ಸಿಯಂ ಬಸ್ಸಿನಲ್ಲಿ, ಕಬ್ಬಿಣ ಮಲಗುವಾಗ ಎಂದಾಯಿತು. ಡ್ಯೂಟಿಯ ಗಡಿಬಿಡಿಯಲ್ಲಿ ಬೆಳಗಿನವು ತಪ್ಪಿಯಾವು ಎಂದು ಅವುಗಳ ಡಬ್ಬಿಯನ್ನೂ ಚೀಲದಲ್ಲೇ ಒಯ್ಯುತ್ತಿದ್ದರು.

ಬೆಳಿಗ್ಗೆ ಲಿಂಗಪೂಜೆ, ನಾಷ್ಟಾ ಮುಗಿಸಿ ಡಬ್ಬಿ ತೆರೆದರೆ ಮೊದಲನೆಯ ಗುಳಿಗೆ ಅತ್ತೆಯ ಅಂಗೈಗೆ. ಅವ್ವ ಎದುರಿಗೆ ಕೂತಿರುವಾಗ ಒಬ್ಬರೇ ತಿನ್ನುವುದು ಹೇಗೆ? ಮುದುಕಿಗೆ ಒಂದು ಗುಳಿಗೆಯಿಂದ ಏನು ಕೆಡುತ್ತದೆ ಎಂದು ನಾನೂ ಸುಮ್ಮನಿದ್ದೆ.

ತಿಂಗಳುಗಳು ಕಳೆದವು. ನಾನು ಮನೆಯಲ್ಲಿ ಬ್ಲೌಜು ಹೊಲಿಯುವವಳು. ಊರ ಮಂದಿಯ ಬ್ಲೌಜು ಪಕ್ಕಕ್ಕಿಟ್ಟು ಇವರ ಖಾಕಿ ಅಂಗಿಯನ್ನು ಬಿಚ್ಚಿ ಬಿಚ್ಚಿ ಸಣ್ಣದು ಮಾಡುವುದೇ ಕೆಲಸವಾಯಿತು. ಸಕ್ಕರೆ ಇಳಿಯಿತು. ಇವರು ಬಸ್ಸಿನೊಳಗೆ ಬಾಗಿಲಿಂದ ಬಾಗಿಲಿಗೆ ಓಡಾಡತೊಡಗಿದರು. ಅಷ್ಟರಲ್ಲಿ ಒಂದು ದಿನ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಡ್ಯೂಟಿ ಮುಗಿಸಿ ಮನೆಗೆ ಬಂದರು.

“ಪಪ್ಪಾ, ಇನ್ನೊಂದು ಎಲ್ಲಿ?” ಎಂದಳು ನನ್ನ ಮಗಳು ಸೃಷ್ಟಿ.

ಇವರು ಬಾಗಿ ನೋಡಿಕೊಂಡರು. ಕಳೆದದ್ದು ಗೊತ್ತೇ ಇರಲಿಲ್ಲ. “ಅಂಗಾಲಿಗಿ ಹತ್ತಿ ಕಟ್ಟಿದಂಗ ಆಗ್ತದ” ಎಂದು ಆಗ ಬಾಯಿಬಿಟ್ಟರು.

ಸೊಲ್ಲಾಪುರಕ್ಕೆ ಹೋದೆವು. ರಕ್ತದಲ್ಲಿ ಬಿ ಹನ್ನೆರಡು ತಳ ಕಂಡಿತ್ತು, ಉಳಿದವೂ ಹಾಗೇ. ಡಾಕ್ಟರು ಇವರ ಕಣ್ಣು ಮುಚ್ಚಿಸಿ, ಕಾಲ್ಬೆರಳನ್ನು ಮೇಲೆ ಕೆಳಗೆ ಮಾಡಿ, ಯಾವ ಕಡೆ ಎಂದು ಕೇಳಿದರು. ಇವರು ಹೇಳಿದ್ದೆಲ್ಲ ತಪ್ಪು.

“ಗುಳಿಗೆ ತೆಗೆದುಕೊಳ್ಳುತ್ತಿದ್ದೀರಾ?”

“ಒಂದಿನಾನೂ ತಪ್ಪಿಸಿಲ್ರಿ.”

“ಸದ್ಯ ಬಿ ಹನ್ನೆರಡರ ಸೂಜಿ ಹಾಕುತ್ತೇನೆ. ಆದರೆ ಉಳಿದ ಗುಳಿಗೆ ಬಾಯಿಂದಲೇ ಹೋಗಬೇಕು. ನರ ಕೆಟ್ಟು ಬಹಳ ದಿನವಾದರೆ ತಿರುಗಿ ಬರುವುದಿಲ್ಲ. ಕಾಲಿಗೆ ನೆಲ ತಿಳಿಯದಿದ್ದರೆ ಓಡುವ ಬಸ್ಸಿನಲ್ಲಿ ನಿಲ್ಲುವ ಕೆಲಸ ಬಿಡಬೇಕಾಗುತ್ತದೆ.”

ಇವರಿಗೆ ಬಸ್ಸು ಎಂದರೆ ಸಂಬಳ ಕೊಡುವ ಜಾಗ ಮಾತ್ರ ಅಲ್ಲ. ಡಿಪೋದ ಕುರ್ಚಿಯಲ್ಲಿ ಕೂರಿಸಿದರೆ ಈ ಮನುಷ್ಯ ಯಾರೊಡನೆ ಮಾತಾಡಬೇಕು?

ಗುಳಿಗೆ ತಿಂದೂ ಯಾಕೆ ಹತ್ತುತ್ತಿಲ್ಲ ಎಂದು ನಾನು ತಲೆ ಕೆಡಿಸಿಕೊಂಡೆ. ಸಿದ್ದಲಿಂಗನ ಮೇಲೆ ಗುಮಾನಿ ಬಂತು. ಅವನ ಅಂಗಡಿಗೆ ಜಗಳಕ್ಕೆ ಹೋಗುವವಳಿದ್ದೆ, ಅಷ್ಟರಲ್ಲಿ ಅತ್ತೆ ಬೆಳಗಿನ ಗುಳಿಗೆಯನ್ನು ಒಸಡಿನಿಂದ ಒಸಡಿಗೆ ಹೊರಳಿಸುತ್ತ ಹೇಳಿದರು: “ಈ ಸಲದ್ದು ಭಾರಿ ಛಲೋ ಅದ ನೋಡು. ಬಾಯೆಲ್ಲಾ ತಂಪಾತು.”

ಹೊಲಿಗೆ ಮಶೀನು ನಿಲ್ಲಿಸಿದೆ. ವಿಟಮಿನ್ನಿಗೆ ಬಾಯಿ ಯಾಕೆ ತಂಪಾಗಬೇಕು? ಡಬ್ಬಿಯಿಂದ ಒಂದು ತೆಗೆದು ನಾಲಿಗೆಗೆ ಹಚ್ಚಿದೆ. ಸೃಷ್ಟಿಯೂ ಹಚ್ಚಿದಳು.

“ಮಮ್ಮಿ, ಇದು ಪೆಪ್ಪರಮಿಂಟ್! ನಮ್ಮ ಸಾಲಿ ಮುಂದಿನ ಅಂಗಡ್ಯಾಗ ಸಿಗ್ತದ.”

ಇವರ ಕಡೆ ತಿರುಗಿದರೆ, ಇವರಾಗಲೇ ಅಂಗಳದಲ್ಲಿದ್ದರು. “ಬಸ್ಸಿಗಿ ಹೊತ್ತಾತು.”

“ನಿಲ್ರಿ, ನಾನೂ ಬರ್ತೇನಿ. ಜೇವರ್ಗ್ಯಾಗ ನಮ್ಮ ತವರು ಮನಿಗಿ ಹೋಗೂದದ.” ತವರಿನಲ್ಲಿ ಅವತ್ತು ಏನೂ ಇರಲಿಲ್ಲ.

ಕಡೆಯ ಸೀಟಿನಲ್ಲಿ ತಲೆ ಮೇಲೆ ಸೆರಗು ಎಳೆದುಕೊಂಡು ಕೂತೆ. ಬಸ್ಸು ಅಫಜಲಪುರ ದಾಟುವವರೆಗೆ ಟಿಕೆಟ್ಟಿನ ಕೆಲಸ ನಡೆಯಿತು. ಅದು ಮುಗಿದ ಮೇಲೆ ಇವರು ಟಿಕೆಟ್ ಮಶೀನನ್ನು ಬಗಲಿಗೆ ಸರಿಸಿ, ಚೀಲದಿಂದ ಆಗಷ್ಟೇ ಸ್ಟ್ಯಾಂಡಿನ ಎದುರು ಕೊಂಡ ಹೊಸ ಕ್ಯಾಲ್ಸಿಯಂ ಡಬ್ಬಿ ತೆಗೆದರು. ಮುಚ್ಚಳ ತಿರುವಿದ ಸದ್ದಿಗೇ ಮುಂದಿನ ಸೀಟಿನಿಂದ ಒಂದು ದನಿ ಎದ್ದಿತು.

“ಕಂಡಕ್ಟರ್ ಸಾಹೇಬ್ರ, ಗುಳಗಿ ಟೈಮಾತೇನ್ರಿ?”

ಇವರ ಮುಖ ಅರಳಿತು. “ಹೌದ್ರಿ ಚಮನಬಿ ಅವರ. ತಗೋರಿ.”

ಸಾಲಿಯ ಮಕ್ಕಳಂತೆ ಬಸ್ಸಿನ ತುಂಬ ಕೈಗಳು ಮೇಲೆದ್ದವು. ಇವರು ಸೀಟಿನಿಂದ ಸೀಟಿಗೆ ಹಂಚುತ್ತ ಬಂದರು, ಟಿಕೆಟ್ ಕೇಳುವ ಅದೇ ರಾಗದಲ್ಲಿ: “ಯಾರರ ಉಳದೀರೇನ್ರಿ? ಕಿಡಕಿ ಕಡಿಯವರಿಗಿ ಬಂತೇನ್ರಿ? ಕೂಸಿಗಿ ಬ್ಯಾಡ ಯವ್ವ, ದೊಡ್ಡವರ ಗುಳಗಿ ಸಣ್ಣವರಿಗಿ ಕೊಡಂಗಿಲ್ಲ. ಕೂಸಿಗಿ ಪೆಪ್ಪರಮಿಂಟ್ ತಗೋ.”

ಪೆಪ್ಪರಮಿಂಟಿನ ಮೂಲ ಸಿಕ್ಕಿತು. ಹಂಚಿ ಖಾಲಿಯಾದ ಬೆಳಗಿನ ಡಬ್ಬಿಗೆ ಇವನ್ನೇ ತುಂಬಿದ್ದರು.

ದೊಡ್ಡ ಹೊಟ್ಟೆಯ ಗೌಡರೊಬ್ಬರು ಎರಡನೆಯ ಸಲ ಕೈ ನೀಡಿದರು. “ನನಗ ಇನ್ನೊಂದು ಕೊಡ್ರಿ. ನಿನ್ನಿ ನಾ ಬಸ್ಸಿಗಿ ಬಂದಿದ್ದಿಲ್ಲ.”

ಬಳೆಯ ಬುಟ್ಟಿ ಇಟ್ಟುಕೊಂಡಿದ್ದ ಚಮನಬಿ, ನಾನು ಕೈ ಎತ್ತದ್ದನ್ನು ಕಂಡು, ನನ್ನ ಪಕ್ಕಕ್ಕೇ ಬಂದು ಕೂತರು.

“ಹೊಸದಾಗಿ ಹತ್ತೀ ಏನವಾ ತಂಗಿ? ನಾಚಬ್ಯಾಡ, ಕೇಳು. ಈ ಕಂಡಕ್ಟರ್ ಮೊದಲ ಹ್ಯಾಂಗಿದ್ರು ಅಂದಿ? ಬಾಗಲಾದಾಗ ಹಿಡೀತಿದ್ದಿಲ್ಲ! ಈ ಗುಳಗಿ ತಿಂದು ತಿಂದು ಹಿಂಗ ಕಡ್ಡಿ ಆಗ್ಯಾರ.”

“ಅದು ಗುಳಗಿಗಿ ಆಗಿದ್ದಲ್ರಿ…”

“ಮತ್ಯಾತಕ್ಕ? ಹರ್ನಿಯಾಕ್ಕ ಯಾರರ ಅಷ್ಟು ಸಣ್ಣ ಆಗ್ತಾರೇನು? ಪಾಪ, ಆ ಮನಶ್ಯಾಗ ಸ್ವಲ್ಪಾನೂ ಆಸಿ ಇಲ್ಲ, ಎಲ್ಲಾರಿಗೂ ಕೊಡ್ತಾರ. ಮನ್ಯಾಗ ಹೆಂಡ್ತಿ ಡಬ್ಬಿ ಮ್ಯಾಲ ಡಬ್ಬಿ ತುಂಬಿಸಿ ಕಳಸ್ತಾಳಂತ. ಪುಣ್ಯವಂತಿ.”

ಪುಣ್ಯವಂತಿ ಸೆರಗಿನೊಳಗೆ ಹಲ್ಲು ಕಚ್ಚಿ ಕೂತಳು.

ಕೊನೆಯ ಗುಳಿಗೆಯನ್ನು ಇವರು ಎರಡು ಹೋಳು ಮಾಡಿ ಒಂದನ್ನು ಅಬ್ದುಲ್ ಗನಿಯ ಬಾಯಿಗೆ ಹಾಕಿದರು. ಇನ್ನೊಂದನ್ನು ತಮ್ಮ ಬಾಯಿಗೆ ಒಯ್ಯುವಷ್ಟರಲ್ಲಿ ಒಬ್ಬ ಮುದುಕ ತನಗೆ ಬಂದಿಲ್ಲ ಎಂದ. ಅದೂ ಹೋಯಿತು. ನನ್ನ ಗಂಡ ಖಾಲಿ ಡಬ್ಬಿಯನ್ನು ಅಂಗೈ ಮೇಲೆ ತಟ್ಟಿ, ಬಿದ್ದ ಹುಡಿಯನ್ನು ನೆಕ್ಕಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ.

ಜೇವರ್ಗಿ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಹಿಡಿದುಕೊಂಡೆ. “ಕಾಲು ಹೊಂಟಾವ ಅಂತ ಡಾಕ್ಟರ್ ಹೇಳಿದ್ದು ಕಿವ್ಯಾಗ ಬಿದ್ದಿಲ್ಲೇನ್ರಿ?”

“ಬಿದ್ದದ. ಆದ್ರ ಮಂದಿ ಬಾಯಿ ನೋಡಾಕತ್ತಾಗ ನಾ ಒಬ್ಬನ ಹ್ಯಾಂಗ ತಿನ್ನಲಿ?”

“ಮಂದಿ ಇಲ್ಲದಾಗ ತಿನ್ರಿ.”

“ಬಸ್ಸಿನಾಗ ಮಂದಿ ಇಲ್ಲದ ಹೊತ್ತು ಎಲ್ಲದ?”

“ಸ್ಟ್ಯಾಂಡಿನ ಹಿಂದ ಹೋಗಿ ತಿನ್ರಿ, ಯಾರು ನೋಡ್ತಾರ?”

“ಬಚ್ಚಿಟ್ಕೊಂಡು?” ಎಂದರು ಇವರು. ಮುಖ ಆ ಹೋಳಿಗೆಯ ಹುಡುಗನದೇ.

“ಹಂಗಾರ ಮಂದಿಗಿ ಖರೇ ಹೇಳ್ರಿ. ಆಪರೇಶನ್ ಆಗ್ಯದ ಅನ್ರಿ. ತಾವ ಬಿಡ್ತಾರ.”

ಕಡೆಗೆ ಒಪ್ಪಿದರು. ಸಂಜೆ ಅದೇ ಮಂದಿ ತಿರುಗಿ ಬರುವ ಬಸ್ಸಿನಲ್ಲಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಎಲ್ಲವನ್ನೂ ಹೇಳಿದರು. ಹರ್ನಿಯಾ ಸುಳ್ಳು, ಹೊಟ್ಟೆ ಸಣ್ಣ ಮಾಡಿಸಿಕೊಂಡದ್ದು ಖರೇ, ಈ ಗುಳಿಗೆ ತಿಂದರೆ ಯಾರೂ ಸಣ್ಣಗಾಗುವುದಿಲ್ಲ. ನಂಬಲಿ ಎಂದು ಅಂಗಿಯನ್ನೂ ಎತ್ತಿ ತೋರಿಸಿದರು. ಹೊಟ್ಟೆ ಸೀಳದೆ ದುರ್ಬೀನು ಹಾಕಿ ಮಾಡಿದ ಆಪರೇಶನ್ನು. ಗಾಯದ ಗುರುತು ಎಂದರೆ ಅಲ್ಲೊಂದು ಇಲ್ಲೊಂದು ಸೊಳ್ಳೆ ಕಡಿದಷ್ಟು.

ಚಮನಬಿ ಕನ್ನಡಕ ಏರಿಸಿ, ಹತ್ತಿರ ಬಂದು ನೋಡಿದರು. “ಇಷ್ಟ ಸಣ್ಣ ತೂತಿನ್ಯಾಗ ಅಷ್ಟ ದೊಡ್ಡ ಹೊಟ್ಟಿ ಹ್ಯಾಂಗ ಹೊರಗ ಬಂತ್ರಿ ಸಾಹೇಬ್ರ?”

ಬಸ್ಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಗುಳಗಿ ಕೊಡೂದು ಬಂದ್ ಮಾಡಾಕ ನೆಪ ತಗದಾರ” ಎಂದರು ಗೌಡರು. “ತಾವೊಬ್ರ ಸಣ್ಣ ಇರಬೇಕಂತ.”

ಆ ಮಾತು ಇವರಿಗೆ ಚುಚ್ಚಿತು. ಮರುದಿನ ಎಂದಿಗಿಂತ ಹೆಚ್ಚು ಹಂಚಿದರು. ಸೂಜಿಯನ್ನು ಮಾತ್ರ ಯಾರೂ ಕೇಳಲಿಲ್ಲ. “ಇವತ್ತ ಸೂಜಿ ಮಾಡಿಸ್ಕೊಳ್ಳಾಕ ಹೊಂಟೀನಿ, ಬರ್ರಿ” ಎಂದು ಕರೆದರಂತೆ. ಗೌಡರು ಮುಂದಿನ ಸ್ಟಾಪಿನಲ್ಲೇ ಇಳಿದುಹೋದರಂತೆ.

ನಾಲ್ಕಾರು ದಿನ ಕಳೆದಿರಬೇಕು. ಮಧ್ಯಾಹ್ನ ಅಬ್ದುಲ್ ಗನಿ ಇವರನ್ನು ಹೆಗಲಿಗೆ ಆನಿಸಿಕೊಂಡು ಮನೆಗೆ ಬಂದರು. ಜೇವರ್ಗಿಯಲ್ಲಿ ಬಸ್ಸು ಹಿಂದಕ್ಕೆ ಹೊರಳಿಸುವಾಗ ಸೀಟಿ ಊದಲು ಇಳಿಯಹೋಗಿ, ಕಾಲಿಗೆ ಮೆಟ್ಟಿಲು ಸಿಗದೆ ಬಿದ್ದಿದ್ದರು. ಬಿದ್ದದ್ದು ಯಾರದೋ ಹತ್ತಿಯ ಚೀಲದ ಮೇಲೆ. ಮೊಣಕೈ ತರಚಿದ್ದಷ್ಟೇ.

“ಬಸ್ ಹಿಂದ ಬರಾಕತ್ತಿತ್ತು ವೈನಿ” ಎಂದರು ಅಬ್ದುಲ್ ಗನಿ. “ಕನ್ನಡ್ಯಾಗ ಇವ್ರು ಕಾಣಲಿಲ್ಲಂತ ಬ್ರೇಕ್ ಹಾಕಿದೆ. ಇಲ್ಲಂದ್ರ…”

ಮೂಲೆಯಿಂದ ಅತ್ತೆ ಕೇಳಿದರು: “ಕಾಲು ಯಾಕ ಹಿಂಗಾತು?” ಅಬ್ದುಲ್ ಗನಿ ಮುಚ್ಚಿಡಲಿಲ್ಲ. ಬಸ್ಸು, ಎತ್ತಿದ ಕೈಗಳು, ಗುಳಿಗೆ, ಪೆಪ್ಪರಮಿಂಟು, ಎಲ್ಲ ಹೇಳಿ ತಾವು ತಿಂದ ಅರ್ಧ ಗುಳಿಗೆಗೆ ತಪ್ಪಾಯಿತೆಂದು ಕಿವಿ ಮುಟ್ಟಿಕೊಂಡು ಹೋದರು.

“ಹುಚ್ಚನಂಗ ಯಾಕ ಕೊಟ್ಟಿ ದೌಲ್ಯಾ?”

“ನೀನ ಮಾತು ತಗೊಂಡಿದ್ದೆಲ್ಲವ್ವ.”

“ನಾ ಹೋಳಿಗಿ ಸಲುವಾಗಿ ಅಂದಿದ್ದೆ.”

“‘ಏನೂ’ ಅಂದಿದ್ದಿ. ಬಾಯಿಗಿ ಏನೂ ಹಾಕ್ಕೊಳ್ಳಂಗಿಲ್ಲ ಅಂದಿದ್ದಿ.”

ಅತ್ತೆಗೆ ತಮ್ಮ ಬೆಳಗಿನ ಪಾಲಿನ ಗುಳಿಗೆಗಳು ನೆನಪಾದವೇನೋ, ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ಎದ್ದು ನನ್ನ ಕೈಯಿಂದ ಹೊಸ ಡಬ್ಬಿ ಕಸಿದುಕೊಂಡರು.

“ಮಾತು ಮುರಿ.”

“ಲಿಂಗದ ಮ್ಯಾಲ ಕೈ ಇಟ್ಟೀನವ್ವ.”

“ಪಾಪ ಬಂದ್ರ ನನಗ ಬರಲಿ. ನನಗೆಷ್ಟು ದಿನ ಉಳದಾವ? ಕಾಲು ನಿಂದು. ನಡಿ ಒಳಗ.”

ಮಗನನ್ನು ರಟ್ಟೆ ಹಿಡಿದು ಒಳಕೋಣೆಗೆ ತಳ್ಳುವಷ್ಟರಲ್ಲಿ ಅಂಗಳದಲ್ಲಿ ಬಳೆಗಳ ಸದ್ದಾಯಿತು. ಚಮನಬಿ ನಿಂತಿದ್ದರು, ಪಕ್ಕದಲ್ಲಿ ಅವರ ಎರಡರಷ್ಟು ಅಗಲದ ಒಬ್ಬ ಹೆಂಗಸು.

“ಸಾಹೇಬ್ರು ಬಿದ್ರಂತಲ್ರಿ, ನೋಡಿ ಹೋಗೂಣಂತ ಬಂದ್ವಿ. ಈಕಿ ನನ್ನ ನಾದಿನಿ ಮಿನಾಜ. ಆಳಂದದಿಂದ ಬಂದಾಳ.” ಅಷ್ಟರಲ್ಲಿ ನನ್ನ ಮುಖ ಗುರುತು ಹಿಡಿದರು. “ಯಾ ಅಲ್ಲಾ! ಆ ತಂಗಿ ನೀನ? ಪುಣ್ಯವಂತಿ?” ತುಸು ತಡೆದು, “ಮತ್ತ… ಈಕಿಗೂ ಆ ಗುಳಗಿ ಬೇಕಾಗಿತ್ತು” ಎಂದರು.

ಇವರು ಒಳಗಿನಿಂದ, “ಬರ್ರಿ, ಬರ್ರಿ” ಎನ್ನುತ್ತ ಹೊರಗೆ ಬರಲು ಹೊರಟರು. ಅತ್ತೆ ಎದೆಗೆ ಕೈ ಹಚ್ಚಿ ಹಿಂದಕ್ಕೆ ತಳ್ಳಿ, ಬಾಗಿಲು ಎಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತರು.

“ದೌಲತರಾಯ ಮನ್ಯಾಗ ಇಲ್ಲ.”

“ಈಗ ಬರ್ರಿ ಅಂದವರು ಯಾರ್ರಿ?”

“ಯಾರೂ ಅಂದಿಲ್ಲ.” ಅತ್ತೆ ಬಾಗಿಲ ಸಂದಿಗೆ ಬಾಯಿಟ್ಟು ಹಲ್ಲಿಲ್ಲದ ಬಾಯಲ್ಲಿ ಪಿಸುಗುಟ್ಟಿದರು: “ತಿನ್ನು, ಭಾಡ್ಯಾ!”

ಒಳಗೆ ಡಬ್ಬಿಯ ಮುಚ್ಚಳ ತಿರುಗಿತು. ಆಮೇಲೆ ಏನೂ ಇಲ್ಲ. ನಾನು ಕಾದೆ. ಆಮೇಲೆ ಬಂತು, ಕಟುಮ್ ಎಂದು, ಗಟ್ಟಿ ಗುಳಿಗೆ ಹಲ್ಲಿನಡಿ ಒಡೆದ ಸದ್ದು.

ಮಿನಾಜ ಕಿವಿಗೊಟ್ಟಳು. “ಒಳಗ ಏನೋ ಕಡ್ಯಾಕತ್ತದ ಭಾಬಿ.”

“ಹೆಗ್ಗಣ” ಎಂದರು ಅತ್ತೆ. “ಭಾಳ ದಿನದಿಂದ ಅದ.”

ಸೃಷ್ಟಿ ಬಾಯಿಗೆ ಓಢಣಿ ತುರುಕಿಕೊಂಡು ಹಿತ್ತಲಿಗೆ ಓಡಿದಳು. ಅತ್ತೆ ಜಾಗ ಬಿಟ್ಟು ಕದಲದೆ ನನಗೆ ಕೂಗಿದರು: “ಸುನಿತಾ, ಡಬ್ಬ್ಯಾಗಿನ ಶೇಂಗಾ ಹೋಳಿಗಿ ತಾ. ತುಪ್ಪ ಸುರುವು. ಬಂದವರು ಖಾಲಿ ಕೈಲೆ ಹೋಗಬಾರದು.” ಆಮೇಲೆ ಅವರ ಕಡೆ ತಿರುಗಿ, “ಆ ಗುಳಗಿ ಹೊಟ್ಟಿ ಕೊಯ್ಸಿಕೊಂಡವರದು ಯವ್ವ. ನಿಮಗ ಬ್ಯಾಡ. ಕೂಡ್ರಿ, ಹೋಳಿಗಿ ತಿನ್ರಿ” ಎಂದರು.

ಮುದುಕಿ ಹೇಳಿದ್ದನ್ನು ಚಮನಬಿ ನಂಬಿದರು. ಇಬ್ಬರೂ ಕೂತು ಹೋಳಿಗೆ ತಿಂದರು. ಅತ್ತೆ ಕೊನೆಯವರೆಗೂ ಬಾಗಿಲಿಗೆ ಆತುಕೊಂಡೇ ನಿಂತಿದ್ದರು.

ಹೊರಗೆ ಮಂದಿ ಕೂತಿರುವಾಗ ದೌಲತರಾಯರು ಬಾಗಿಲ ಹಿಂದೆ ನಿಂತು, ಯಾರಿಗೂ ಕೊಡದೆ, ಪೂರ್ತಿ ಒಂದು ಗುಳಿಗೆ ತಿಂದರು. ತಾಯಿಗೆ ಕೊಟ್ಟ ಮಾತು ಮುರಿಯಿತು.